ಶಿಖರವೋ, ತಪ್ಪಲೋ?

ಪರ್ವತಯಾತ್ರೆಯ ಬರಹಗಳಲ್ಲಿ ಕಾಡಿಗೆ ಸಾಮಾನ್ಯವಾಗಿ ಹೊಸ್ತಿಲಿನ ಸ್ಥಾನ. ಅದಿರುವುದು ದಾಟುವುದಕ್ಕೆ ಮಾತ್ರ. ಜಾನ್ ಮ್ಯೂರ್ ಇದಕ್ಕೆ ಅಪವಾದವೆಂದು ಮೊದಲ ಓದಿಗೆ ತೋರುತ್ತಾನೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ರೇನಿಯರ್ 14,410 ಅಡಿ ಎತ್ತರದ ಜ್ವಾಲಾಮುಖಿ. 1888ರಲ್ಲಿ ಅದನ್ನು ಹತ್ತಿದ ಮ್ಯೂರ್‌ನ ಪ್ರಬಂಧ, ಅವನು ತೀರಿಕೊಂಡ ಮೇಲೆ 1918ರಲ್ಲಿ ಹೊರಬಂದ ‘ಸ್ಟೀಪ್ ಟ್ರೇಲ್ಸ್’ ಸಂಗ್ರಹದಲ್ಲಿದೆ. ಪ್ರಬಂಧದ ಹೆಸರೇನೋ ಆರೋಹಣ. ಆದರೆ ತುದಿ ಮುಟ್ಟಿ ಬಂದವನ ತೀರ್ಪು ಬೇರೆ. ತಿಳಿವಳಿಕೆಯ ಲಾಭ, ಹತ್ತುವ ಹುರುಪು ಇವೆರಡನ್ನು ಬಿಟ್ಟರೆ ಹಿಮದ ನೆತ್ತಿಗಿಂತ ಬೆಟ್ಟದ ಬುಡದಲ್ಲಿಯೇ ಸುಖ ಹೆಚ್ಚೆಂಬುದು ಅವನ ಅನಿಸಿಕೆ. ಒಡನೆಯೇ ಮಾತು ತಿರುಗುತ್ತದೆ: ಶಿಖರ ಕೈಗೆಟುಕಿದವನ ಭಾಗ್ಯ ಇಮ್ಮಡಿಯಂತೆ, ಅಲ್ಲಿನ ಬೆಳಕು ಕೆಳಗಿನದನ್ನೆಲ್ಲ ಬೆಳಗುವುದಂತೆ. ಮಾತು ಸೊಗಸಾಗಿದೆ; ಪೂರ್ತಿ ಒಪ್ಪುವುದು ಕಷ್ಟ.

ಅದೇ ಬೆಟ್ಟದ ತಪ್ಪಲಿನ ಒಹನಾಪೆಕಾಷ್ ಕಣಿವೆಯಲ್ಲಿ ಒಂದು ಹಗಲು ನಡೆದವನಿಗೆ ಇದು ಮನದಟ್ಟಾದೀತು. ಸಾವಿರ ವರ್ಷದ ಮರಗಳುಳ್ಳ ಕಾಡು ಅದು. ಉರುಳಿದ ಮರದ ಪಾಚಿಗಟ್ಟಿದ ಬೆನ್ನಿನ ಮೇಲೆ ಹೆಮ್ಲಾಕ್ ಮರದ ಸಸಿಗಳು ಸಾಲಾಗಿ ಏಳುತ್ತವೆ. ದಿಮ್ಮಿ ಕೊಳೆತು ಮಣ್ಣಾದ ಮೇಲೂ ಆ ಸಾಲು ಹಾಗೆಯೇ ನಿಂತಿರುತ್ತದೆ. ಸಾವು ಎಲ್ಲಿ ಮುಗಿಯಿತು, ಬದುಕು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲಾಗದು. ಇದನ್ನು ಕಾಣಲು ಶಿಖರದ ಬೆಳಕು ಬೇಡ, ಬಗ್ಗಿ ನೋಡುವ ತಾಳ್ಮೆ ಬೇಕು.

ಆರೋಹಣದ ಕಥೆಗೆ ತುದಿಯೆಂಬ ಮುಕ್ತಾಯ ಮೊದಲೇ ಸಿದ್ಧವಿರುತ್ತದೆ. ಕಾಡಿನ ನಡಿಗೆಗೆ ಅಂಥ ಆಸರೆಯಿಲ್ಲ. ಆದುದರಿಂದಲೇ ಅದನ್ನು ಬರೆಯುವುದು ಹೆಚ್ಚು ಕಷ್ಟದ ಕಲೆ. ಮ್ಯೂರ್‌ಗೆ ಆ ಕಲೆ ಗೊತ್ತಿತ್ತು. ಆದರೂ ಇಲ್ಲಿ ತಪ್ಪಲಿನ ಪರವಾಗಿ ತೀರ್ಪಿತ್ತು, ಕೊನೆಯ ಮಾತನ್ನು ಶಿಖರಕ್ಕೇ ಬಿಟ್ಟುಕೊಟ್ಟ.