ಅಂಗಳದಲ್ಲೇ ಬ್ರೇಕ್ ಆಯಿಲ್ ಬದಲಾವಣೆ: ಎಲ್ಲಿಯವರೆಗೆ ಸರಿ?

ಎಂಜಿನ್ ಆಯಿಲ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಕಾರಿಟ್ಟುಕೊಂಡ ಬಹಳ ಮಂದಿ ತಕ್ಷಣ ಹೇಳುತ್ತಾರೆ. ಬ್ರೇಕ್ ಆಯಿಲ್ ಬಗ್ಗೆ ಕೇಳಿದರೆ ಉತ್ತರವಿಲ್ಲ. ಸರ್ವೀಸಿಗೆ ಬಿಟ್ಟಾಗ ಮಟ್ಟ ಇಳಿದಿದ್ದರೆ ಮೇಲಿಷ್ಟು ತುಂಬಿ ಕಳಿಸುವುದೇ ಹೆಚ್ಚು. ಈ ಉದಾಸೀನದ ನಡುವೆ ಬ್ರೇಕ್ ಮತ್ತು ಕ್ಲಚ್ ಆಯಿಲನ್ನು ಮನೆಯಲ್ಲೇ ಪೂರ್ತಿ ಬದಲಿಸುವವರ ರೂಢಿ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಅವರಲ್ಲಿ ಹೆಚ್ಚಿನವರು ಅನುಸರಿಸುವ ವಿಧಾನವನ್ನು ಹಾಗೆಯೇ ಒಪ್ಪಲಾಗದು.

ಮೇಲೆ ತುಂಬಿದರೆ ಸಾಲದೇಕೆ? ಬ್ರೇಕ್ ಆಯಿಲ್ ಎಂಜಿನ್ ಆಯಿಲಿನಂತೆ ಸುತ್ತಾಡುವುದಿಲ್ಲ. ಚಕ್ರದ ಬಳಿ ಇರುವುದು ವರ್ಷಗಟ್ಟಲೆ ಅಲ್ಲೇ ಉಳಿದು, ರಬ್ಬರ್ ಹೋಸ್‌ಗಳ ಮೂಲಕವೂ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇದೇ ಅಂಕಿಗಳು 205 ಮತ್ತು 140. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಾ ಬ್ರೇಕ್ ಮೇಲೆ ಕಾಲಿಟ್ಟೇ ಇದ್ದರೆ ಚಕ್ರದ ಬಳಿಯ ಕ್ಯಾಲಿಪರ್ ಕಾಯುತ್ತದೆ, ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುವಂಥದ್ದು. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ.

ಹಾಗಾದರೆ ಕೆಲಸ ಚೆನ್ನಾಗಿ ಆಯಿತೆನ್ನಲು ಅಳತೆ ಮೂರು: ಹಳೆಯದೆಲ್ಲ ಹೊರಬರಬೇಕು, ಗಾಳಿ ಒಳಹೋಗಬಾರದು, ಸೀಲುಗಳಿಗೆ ಪೆಟ್ಟಾಗಬಾರದು.

ಹೆಚ್ಚಿನವರು ಮಾಡುವುದು ಇಬ್ಬರ ವಿಧಾನ. ಒಬ್ಬರು ಪೆಡಲ್ ತುಳಿಯುತ್ತಾರೆ, ಇನ್ನೊಬ್ಬರು ಚಕ್ರದ ಬಳಿ ಕೂತು “ಒತ್ತಿ... ಹಿಡ್ಕೊಳ್ಳಿ... ಈಗ ಬಿಡಿ” ಎನ್ನುತ್ತಾ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ ಬಿಗಿ ಮಾಡುತ್ತಾರೆ. ಖರ್ಚಿಲ್ಲ, ವಿಶೇಷ ಸಲಕರಣೆ ಬೇಡ. ಆದರೆ ನಿಪ್ಪಲ್ ಬಿಗಿಯಾಗುವ ಮೊದಲೇ ಕಾಲು ಎತ್ತಿದರೆ ಗಾಳಿ ಒಳಗೆ. ಅದಕ್ಕಿಂತ ದೊಡ್ಡ ದೋಷ ಮೂರನೆಯ ಅಳತೆಯಲ್ಲಿದೆ. ಹಳೆಯ ಕಾರಿನಲ್ಲಿ ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರಿನೊಳಗೆ ಪಿಸ್ಟನ್ ಎಂದೂ ಹೋಗದ ಜಾಗದಲ್ಲಿ ತುಕ್ಕು ಕೂತಿರಬಹುದು. ಪೆಡಲನ್ನು ನೆಲದವರೆಗೆ ತುಳಿದರೆ ಸೀಲಿನ ಅಂಚು ಅದಕ್ಕೆ ಉಜ್ಜಿ ಹರಿಯುತ್ತದೆ. ಪೆಡಲ್ ಕೆಳಗೊಂದು ಮರದ ತುಂಡು ಇಟ್ಟರೆ ಈ ಅಪಾಯ ತಪ್ಪುತ್ತದೆ. ಇಷ್ಟು ಸಣ್ಣ ಎಚ್ಚರವನ್ನೂ ಹೆಚ್ಚಿನವರು ವಹಿಸುವುದಿಲ್ಲ.

ನಿಪ್ಪಲಿನಿಂದ ಪಂಪಿನಲ್ಲಿ ಎಳೆಯುವುದು ಒಬ್ಬರೇ ಮಾಡಬಹುದಾದ ಕೆಲಸ. ಆದರೆ ಸಡಿಲಾದ ತಿರುಪಿನ ಸುತ್ತಲಿಂದಲೂ ಗಾಳಿ ನುಗ್ಗಿ ಟ್ಯೂಬಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ. ಒಳಗಿನ ಗಾಳಿ ಯಾವುದು, ಹೊರಗಿನದು ಯಾವುದು ತಿಳಿಯದು. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಬಾಯಿಗೆ ಹೊಂದುವ ಮುಚ್ಚಳ ಹಾಕಿ ಹಗುರ ಒತ್ತಡ ಕೊಡುವ ವಿಧಾನ ಮೂರೂ ಅಳತೆಯಲ್ಲಿ ಗೆಲ್ಲುತ್ತದೆ. ಅದಿಲ್ಲದವರಿಗೆ ನಿಪ್ಪಲ್ ತೆರೆದು ತಾನಾಗಿ ಇಳಿಯಲು ಬಿಡುವುದು ನಿಧಾನವಾದರೂ ಸುರಕ್ಷಿತ.

ಯಾವ ವಿಧಾನವಾದರೂ ಪಾರದರ್ಶಕ ಟ್ಯೂಬ್ ಇರಲೇಬೇಕು. ಮೊದಲು ಬರುವುದು ಡಿಕಾಕ್ಷನ್ ಬಣ್ಣದ ಆಯಿಲ್, ನಡುನಡುವೆ ಸಣ್ಣ ಗುಳ್ಳೆಗಳು; ಆಮೇಲೆ ಬಣ್ಣ ತಿಳಿಯಾಗುತ್ತಾ ಹೊಸ ಬಾಟಲಿಯ ತೆಳು ಹಳದಿಗೆ ತಿರುಗುತ್ತದೆ. ಅಲ್ಲಿಯವರೆಗೆ ನಿಲ್ಲಿಸುವಂತಿಲ್ಲ.

ಕ್ಲಚ್ಚಿನದು ಇನ್ನೂ ಅನಾಥ ಸ್ಥಿತಿ. ಹೈಡ್ರಾಲಿಕ್ ಕ್ಲಚ್ಚಿರುವ ಎಷ್ಟೋ ಕಾರುಗಳಲ್ಲಿ ಅದು ಬ್ರೇಕಿನ ಡಬ್ಬಿಯಿಂದಲೇ ಆಯಿಲ್ ಪಡೆಯುತ್ತದೆ. ನಾಲ್ಕು ಚಕ್ರ ಮುಗಿಸಿದವರು ಗೇರ್‌ಬಾಕ್ಸ್ ಬಳಿಯ ನಿಪ್ಪಲನ್ನು ಮುಟ್ಟದೆ ಬಾನೆಟ್ ಮುಚ್ಚುತ್ತಾರೆ. ಎಲ್ಲಕ್ಕಿಂತ ಕಪ್ಪಾದ ಆಯಿಲ್ ಅನೇಕ ಸಲ ಇರುವುದೇ ಅಲ್ಲಿ. ರಿವರ್ಸ್ ಹಾಕುವಾಗ ಗೇರ್ ಕರಕರ ಎಂದರೆ ಅಲ್ಲಿ ಗಾಳಿ ಸೇರಿದೆಯೇ ಎಂದು ಮೊದಲು ನೋಡಬೇಕು. ಕ್ಲಚ್ ಬಿಟ್ಟು ಮಾಡಿದ ಕೆಲಸವನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಮನೆಗೆಲಸಕ್ಕೆ ಗಡಿಯೂ ಇದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಕೆಲಸದ ನಡುವೆ ಡಬ್ಬಿ ಬರಿದಾಗಿ ಎಬಿಎಸ್ ಘಟಕಕ್ಕೆ ಗಾಳಿ ಹೊಕ್ಕರೆ ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಹಾಕಿಯೇ ತೆಗೆಸಬೇಕು. ಹಾಗಾಗಿ ಡಬ್ಬಿಯ ಮಟ್ಟದ ಮೇಲೆ ಸದಾ ಕಣ್ಣಿರಲಿ. ಯಾವ ಚಕ್ರ ಮೊದಲು ಎಂಬುದನ್ನು ಕಾರಿನ ಸರ್ವೀಸ್ ಮ್ಯಾನ್ಯುಯಲ್ ಹೇಳಬೇಕು, ನೆರೆಮನೆಯವರಲ್ಲ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಕೈ ಹಾಕುವಂತಿಲ್ಲ. ಕರಾವಳಿಯ ಕಾರುಗಳಲ್ಲಿ ತುಕ್ಕು ಹಿಡಿದ ನಿಪ್ಪಲ್ ಮಿಸುಕದಿದ್ದರೆ ಬಲ ಹಾಕದೆ ವರ್ಕ್‌ಶಾಪಿಗೆ ಒಯ್ಯುವುದೇ ವಿವೇಕ. ಬಣ್ಣದ ಮೇಲೆ ಚೆಲ್ಲಿದ್ದನ್ನು ತಕ್ಷಣ ನೀರಿನಲ್ಲಿ ತೊಳೆಯಬೇಕು. ಹಳೆಯದನ್ನು ಚರಂಡಿಗೆ ಸುರಿಯಬಾರದು, ಮತ್ತೆ ಬಳಸಲೂಬಾರದು. ಎಂಜಿನ್ ಚಾಲೂ ಮಾಡಿ ಒತ್ತಿದಾಗ ಪೆಡಲ್ ಗಟ್ಟಿಯಾಗಿ ನಿಲ್ಲದಿದ್ದರೆ ಕಾರು ಗೇಟು ದಾಟಬಾರದು.

ಈ ಗಡಿಯೊಳಗೆ ಇದನ್ನು ಕಲಿಯುವುದು ಪ್ರತಿ ಕಾರು ಮಾಲೀಕರಿಗೂ ಲಾಭ. ದುಡ್ಡು ಉಳಿಯುವುದು ಅದರಲ್ಲಿ ಸಣ್ಣ ಭಾಗ. ಒಮ್ಮೆ ಕೈಯಾರೆ ಮಾಡಿದವರು ಮುಂದೆ ವರ್ಕ್‌ಶಾಪಿಗೆ ಕೊಟ್ಟರೂ “ನಾಲ್ಕೂ ಚಕ್ರದಿಂದ ತೆಗೆದಿರಾ? ಕ್ಲಚ್ಚಿನದೂ ಆಯಿತಾ?” ಎಂದು ಕೇಳಬಲ್ಲರು. ಮೇಲಿಷ್ಟು ತುಂಬಿ ಕಳಿಸುವ ಪದ್ಧತಿ ನಿಲ್ಲಬೇಕಾದರೆ ಹೀಗೆ ಕೇಳುವ ಗ್ರಾಹಕರು ಹೆಚ್ಚಬೇಕು.