ಕೇದಾರಕಂಠಕ್ಕೆ ಇನ್ನೊಂದು ದಿನ ಬೇಕು

ಕಲಬುರಗಿ ಸೀಮೆಯ ವೀರಶೈವ ಮನೆಗಳಿಗೆ ಹಿಮಾಲಯವೇನೂ ಹೊಸದಲ್ಲ. ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರುವುದೇ ಉಖೀಮಠದಲ್ಲಿ. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರೂ ಅದೇ ಪರಂಪರೆಯವರು. ದೀಪಾವಳಿ ಕಳೆದ ಎರಡು ದಿನಕ್ಕೆ ಅಲ್ಲಿನ ಗುಡಿ ಬಾಗಿಲು ಹಾಕುತ್ತದೆ, ಉತ್ಸವಮೂರ್ತಿ ಉಖೀಮಠಕ್ಕೆ ಇಳಿದು ಬರುತ್ತದೆ. ಹಿಮ ಬಿತ್ತೆಂದರೆ ಬೆಟ್ಟ ಬಿಡಬೇಕು ಎಂಬುದು ಅಜ್ಜ-ಅಜ್ಜಿಯರ ಯಾತ್ರೆಯ ಲೆಕ್ಕ. ಮೊಮ್ಮಕ್ಕಳ ಲೆಕ್ಕ ತಿರುವುಮುರುವು. ಅವರು ಹಿಮ ಬೀಳಲೆಂದೇ ಕಾದು, ಡಿಸೆಂಬರ್-ಜನವರಿಯಲ್ಲಿ ಬ್ಯಾಗು ಕಟ್ಟುತ್ತಾರೆ. ಮೊದಲ ಸಲ ಹೋಗುವವರ ಗುರಿ ಬಹುಪಾಲು ಕೇದಾರಕಂಠ.

ಉತ್ತರಕಾಶಿ ಜಿಲ್ಲೆಯ ಗೋವಿಂದ ವನ್ಯಜೀವಿ ಧಾಮದಲ್ಲಿರುವ ಈ ಶಿಖರದ ಎತ್ತರ ಸುಮಾರು 3,800 ಮೀಟರ್. ನಡಿಗೆ ಶುರುವಾಗುವ ಸಾಂಕ್ರಿ ಹಳ್ಳಿಯೇ 1,900 ಮೀಟರ್ ದಾಟಿದೆ. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ ಎಲ್ಲಿ ಮುಗಿಯುತ್ತದೋ, ಹೆಚ್ಚುಕಡಿಮೆ ಅಲ್ಲಿಂದ ಇದರ ಏರು. ಕಲಬುರಗಿ ಇರುವುದು ಸುಮಾರು 450 ಮೀಟರಿನಲ್ಲಿ. ಕಮಲಾಪುರದ ಗುಡ್ಡಗಳನ್ನು ಹತ್ತಿಳಿದವರಿಗೂ ಇದು ಬೇರೆಯದೇ ಲೋಕ.

ಮೊದಲ ಹಿಮಶಿಖರವಾಗಿ ಕೇದಾರಕಂಠದ ಆಯ್ಕೆ ಸರಿಯಾದದ್ದೇ. ಹಗ್ಗ ಹಿಡಿದು ನೇತಾಡುವ ಕೆಲಸವಿಲ್ಲ. ಬೂಟಿಗೆ ಕಬ್ಬಿಣದ ಮುಳ್ಳುಪಟ್ಟಿ, ಮೊಣಕಾಲಿನವರೆಗೆ ಗೇಟರ್, ಕೈಗೊಂದು ಕೋಲು ಸಾಕು. ಕಾಡಿನ ನಡುವೆ ಹೆಪ್ಪುಗಟ್ಟಿದ ಜೂಡಾ ಕಾ ತಾಲಾಬ್, ನೆತ್ತಿಯ ಮೇಲೆ ನಿಂತರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್. ಇಷ್ಟು ಕಡಿಮೆ ಪಳಗಿದ ಕಾಲಿಗೆ ಇಷ್ಟು ದೊಡ್ಡ ನೋಟ ಕೊಡುವ ಬೆಟ್ಟಗಳು ಹೆಚ್ಚಿಲ್ಲ. ಗುಂಪಿನಲ್ಲಿ ಹೋಗುವುದೂ ಒಳ್ಳೆಯದೇ. ಡೇರೆ, ಅಡುಗೆ, ಹೇಸರಗತ್ತೆ, ದಾರಿ ಬಲ್ಲ ಸ್ಥಳೀಯ ಗೈಡ್ ಇವೆಲ್ಲ ಒಬ್ಬಂಟಿಗೆ ಎಟುಕುವಂಥವಲ್ಲ.

ಕೊರತೆ ಇರುವುದು ಚಾರಣ ಪ್ಯಾಕೇಜುಗಳ ವೇಳಾಪಟ್ಟಿಯಲ್ಲಿ. ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದವರು ಒಂದು ಹಗಲು-ರಾತ್ರಿ ದಾಟಿದ ಮೇಲೆ ದೆಹಲಿ ಕಾಣುತ್ತಾರೆ. ಅಲ್ಲಿಂದ ಡೆಹ್ರಾಡೂನ್, ಮತ್ತೆ ಸುಮಾರು 200 ಕಿಲೋಮೀಟರ್ ಘಾಟಿ ರಸ್ತೆ. ನಿದ್ದೆಗೆಟ್ಟ ಮೈ ಮರುದಿನವೇ ಏರಬೇಕು. ಮೊದಲ ರಾತ್ರಿ ಸುಮಾರು 2,700 ಮೀಟರ್, ಎರಡನೆಯ ರಾತ್ರಿ 3,400ರ ಆಸುಪಾಸು, ಮೂರನೆಯ ನಸುಕಿಗೇ ಶಿಖರ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯಕೀಯದ ಸಾಮಾನ್ಯ ಸಲಹೆ. ಈ ಪ್ಯಾಕೇಜು ಆ ಮಿತಿಯನ್ನು ಒರೆಸಿಕೊಂಡೇ ಹೋಗುತ್ತದೆ. ನೆತ್ತಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗವೂ ಇಲ್ಲ. ತಲೆನೋವು, ವಾಕರಿಕೆ ಶುರುವಾದವನು ಬಾಯಿ ಬಿಡುವುದಿಲ್ಲ, ‘ನನ್ನಿಂದ ಎಲ್ಲರಿಗೂ ತಡ ಆಗ್ತದ’ ಎಂಬ ಸಂಕೋಚ. ಗುಂಪಿನ ದೊಡ್ಡ ಬಲವೇ ಅಲ್ಲಿ ದೊಡ್ಡ ದೋಷ.

ಬೆಟ್ಟ ಮುನಿದರೆ ಅನುಭವವೂ ಸಾಲದು. 2024ರ ಜೂನ್ ಮೊದಲ ವಾರ ಇದೇ ಜಿಲ್ಲೆಯ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿತು. ಕರ್ನಾಟಕದ 9 ಮಂದಿ ಪ್ರಾಣ ಬಿಟ್ಟರು. ತಂಡದಲ್ಲಿ ಪಳಗಿದವರಿದ್ದರು, ಗೈಡುಗಳಿದ್ದರು. ಚಳಿಗಾಲವೂ ಅಲ್ಲ ಅದು.

ಜನಜಂಗುಳಿಯ ಮಾತೂ ಇದೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟು ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿದ ಮೇಲೆ ರೂಪಕುಂಡದಂಥ ಹೆಸರಾಂತ ದಾರಿಗಳು ಮುಚ್ಚಿಕೊಂಡವು. ಆ ಜನ ಇತ್ತ ತಿರುಗಿದಂತೆ ಕೇದಾರಕಂಠದ ದಾರಿಯಲ್ಲಿ ಈಗ ಚಹಾ, ಮ್ಯಾಗಿ ಅಂಗಡಿಗಳ ಸಾಲು. ಶಿಖರದ ಕೊನೆಯ ಏರಿನಲ್ಲಿ ಬೆಳಗಿನ ಜಾವ ತಲೆದೀಪಗಳ ಮೆರವಣಿಗೆ. ಮುಂದಿನವನು ಫೋಟೋಕ್ಕೆ ನಿಂತರೆ ಹಿಂದಿನ ಇಪ್ಪತ್ತು ಮಂದಿ ಬೆವರಿದ ಮೈಯಲ್ಲಿ ನಡುಗುತ್ತ ನಿಲ್ಲಬೇಕು. ಹಿಮದ ಮೌನ ಹುಡುಕಿ ಹೋದವರಿಗೆ ಇದು ಜಾತ್ರೆ.

ಬಿಸಿಲ ನಾಡಿನವರ ತಯಾರಿಯಲ್ಲೂ ಹುಳುಕಿದೆ. ಕಲಬುರಗಿಯ ಅಪ್ಪನ ಕೆರೆಯ ಸುತ್ತ ಬೆಳಗಿನ ನಡಿಗೆ ಉಸಿರಿಗೆ ಒಳ್ಳೆಯದು, ಆದರೆ ಅದು ಸಪಾಟು ನೆಲ. ಬೆನ್ನಿಗೆ ಭಾರ ಹೊತ್ತು ಮಹಡಿ ಮೆಟ್ಟಿಲು ಹತ್ತಿಳಿಯುವುದೇ ಮೇಲು. ಜೀನ್ಸ್, ಹತ್ತಿ ಬನಿಯನ್ನು ಒದ್ದೆಯಾದರೆ ಒಣಗುವುದಿಲ್ಲ, ಮೈಯ ಕಾವನ್ನೆಲ್ಲ ಹೀರುತ್ತವೆ. ‘ನಮಗೇನ್ರೀ ಬಿಸಿಲು, 42 ಡಿಗ್ರಿ ಕಂಡವರು’ ಎಂದು ಕಪ್ಪು ಕನ್ನಡಕ ಬಿಟ್ಟು ಹೋಗುವವರಿದ್ದಾರೆ. ಹೊಸ ಹಿಮ ಅತಿನೇರಳೆ ಕಿರಣದ ಶೇ. 80ರಷ್ಟನ್ನು ತಿರುಗಿಸಿ ಮುಖಕ್ಕೇ ಎಸೆಯುತ್ತದೆ. ಕಣ್ಣು ಸುಟ್ಟುಕೊಳ್ಳಲು ಒಂದು ಹಗಲು ಸಾಕು.

ಬುತ್ತಿಯ ವಿಷಯದಲ್ಲಿ ಮಾತ್ರ ಈ ಸೀಮೆ ಗೆದ್ದಿದೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ಚಳಿಗೂ ಕೆಡುವುದಿಲ್ಲ. ಕಮಲಾಪುರದ ಕೆಂಪುಬಾಳೆಯನ್ನು ಪ್ರೀತಿಯಿಂದ ಒಯ್ದವರಿಗೆ ನಿರಾಸೆ ಖಚಿತ: ಬಾಳೆ 13 ಡಿಗ್ರಿಗಿಂತ ಕೆಳಗಿನ ಚಳಿ ತಡೆಯದು, ಆ ಚೆಂದದ ಸಿಪ್ಪೆ ಕಪ್ಪಿಡುತ್ತದೆ. ರೈಲಿನಲ್ಲೇ ತಿಂದು ಮುಗಿಸುವುದು ಜಾಣತನ.

ಒಟ್ಟಿನಲ್ಲಿ ಬೆಟ್ಟಕ್ಕೆ ಪೂರ್ತಿ ಅಂಕ, ಪ್ಯಾಕೇಜಿಗೆ ಅರ್ಧ. ಸಾಂಕ್ರಿಯಲ್ಲಿ ಒಂದು ದಿನ ಹೆಚ್ಚು ತಂಗಿ, ಸುತ್ತಲ ಏರುಗಳಲ್ಲಿ ಕಾಲು ಪಳಗಿಸಿ ಹೊರಟರೆ ಇದೇ ಚಾರಣದ ಗುಣ ಬೇರೆಯಾಗುತ್ತದೆ. ಈ ಚಳಿಗಾಲಕ್ಕೆ ಹೆಸರು ಕೊಡುವವರು ಹಣ ಕಟ್ಟುವ ಮೊದಲು ಸಂಘಟಕರನ್ನು ಕೇಳಬೇಕಾದ್ದು ಇಷ್ಟು: ಹೆಚ್ಚುವರಿ ದಿನ ಇದೆಯೇ, ಎಷ್ಟು ಗಂಟೆಗೆ ಶಿಖರ ಕೈಬಿಟ್ಟು ಹಿಂತಿರುಗುತ್ತೀರಿ, ಒಬ್ಬ ಕಾಯಿಲೆ ಬಿದ್ದರೆ ಅವನ ಜೊತೆ ಇಳಿಯುವವರು ಯಾರು. ಉತ್ತರ ತಡವರಿಸಿದರೆ ಬೇರೆ ಗುಂಪು ನೋಡಿಕೊಳ್ಳಿ.