‘ನಿರೂಪಿಸಿ ಸಾಧಿಸಿ’ ಎಂಬ ಪ್ರಶ್ನೆ

ನಮ್ಮ ಪದವಿ ಕಾಲೇಜುಗಳ ಗಣಿತದ ಪ್ರಶ್ನಪತ್ರಿಕೆಗಳಲ್ಲಿ ‘ಪ್ರಮೇಯವನ್ನು ನಿರೂಪಿಸಿ ಸಾಧಿಸಿ’ ಎಂಬ ಪ್ರಶ್ನೆಗೆ ಸಲ್ಲುತ್ತ ಬಂದಿರುವ ಗೌರವವು ಅದರ ಯೋಗ್ಯತೆಯನ್ನು ಬಹುವಾಗಿ ಮೀರಿದ್ದೆಂದು ನನ್ನ ಅಭಿಪ್ರಾಯ. ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂದಿತು. ಭೌತ, ರಸಾಯನ, ಗಣಿತಗಳೆಂಬ ಪಿ.ಸಿ.ಎಂ. ತ್ರಿಮೂರ್ತಿಗಳ ಮಗ್ಗುಲಲ್ಲಿ ಗಣಕವಿಜ್ಞಾನವೂ ಸಂಖ್ಯಾಶಾಸ್ತ್ರವೂ ಪೀಠ ಹಾಕಿಕೊಂಡವು. ಈ ಪ್ರಶ್ನೆ ಮಾತ್ರ ಕದಲಲಿಲ್ಲ. ಇದನ್ನು ತೆಗೆದರೆ ಶಾಸ್ತ್ರದ ಬಿಗಿಯೇ ಸಡಿಲವಾದೀತೆಂದು ಹಿರಿಯ ಅಧ್ಯಾಪಕರು ಹೇಳುವುದುಂಟು. ಆ ಬಿಗಿ ಯಾವ ಬಗೆಯದೆಂಬುದನ್ನು ಒಂದೇ ಪ್ರಮೇಯವನ್ನು ಹಿಡಿದು ನೋಡಬಹುದು.

ಲಗ್ರಾಂಜನ ಮಧ್ಯಮಮೌಲ್ಯ ಪ್ರಮೇಯವನ್ನು ಬರೆಯದೆ ಬಿ.ಎಸ್ಸಿ. ದಾಟಿದವರಿಲ್ಲ. ಎಲ್ಲಿಯೂ ತುಂಡಾಗದ, ನಡುವೆ ಮೊನೆಯಿಲ್ಲದ ವಕ್ರರೇಖೆಯೊಂದರ ಎರಡು ತುದಿಗಳನ್ನು ಜ್ಯಾ ಎಳೆದು ಕೂಡಿಸಿದರೆ, ಆ ಜ್ಯಾಕ್ಕೆ ಸಮಾಂತರವಾದ ಸ್ಪರ್ಶಕವೊಂದು ನಡುವೆ ಎಲ್ಲಾದರೂ ದೊರೆತೇ ದೊರೆಯುವುದೆಂಬುದು ಅದರ ತಾತ್ಪರ್ಯ. ಸಾಧನೆಯು ಅರ್ಧ ಪುಟವನ್ನು ಮೀರದು: ಕೊಟ್ಟ ಉತ್ಪನ್ನಕ್ಕೆ ಚರವನ್ನು ಒಂದು ಸ್ಥಿರಾಂಕದಿಂದ ಗುಣಿಸಿ ಕೂಡಿಸಿ ಹೊಸ ಉತ್ಪನ್ನವನ್ನು ಕಟ್ಟಿ, ಅದರ ಬೆಲೆಯು ಎರಡೂ ತುದಿಗಳಲ್ಲಿ ಸಮನಾಗುವಂತೆ ಸ್ಥಿರಾಂಕವನ್ನಾರಿಸಿ, ರೋಲನ ಪ್ರಮೇಯವನ್ನು ಪ್ರಯೋಗಿಸಿದರೆ ಕೆಲಸ ಮುಗಿಯಿತು. ಆ ಹೊಸ ಉತ್ಪನ್ನ ಬಂದದ್ದು ಎಲ್ಲಿಂದ? ‘ಪರಿಗಣಿಸಿ’ ಎಂಬ ಒಂದು ಕ್ರಿಯಾಪದದ ಗರ್ಭದಿಂದ! ಚಿತ್ರ ಬರೆದ ಹಾಳೆಯನ್ನು ಜ್ಯಾ ಮಟ್ಟಸವಾಗುವ ತನಕ ವಾಲಿಸಿದಂತೆ (ಕರಾರುವಾಕ್ಕಾಗಿ ಹೇಳುವುದಾದರೆ ವಾಲಿಸಿದಂತಲ್ಲ, ವಕ್ರದ ಪ್ರತಿಯೊಂದು ಬಿಂದುವಿನ ಎತ್ತರದಿಂದ ಅದರ ನೇರದಲ್ಲಿರುವ ಜ್ಯಾದ ಎತ್ತರವನ್ನು ಕಳೆದಂತೆ) ಎಂಬ ಒಂದು ಮಾತನ್ನು ಹೇಳಿಬಿಟ್ಟರೆ ಮಾಯೆಯೆಲ್ಲ ಹರಿದು, ಓರೆಯಾದ ಸಮಸ್ಯೆಯನ್ನು ರೋಲನ ಮಟ್ಟಸವಾದ ಸಮಸ್ಯೆಯನ್ನಾಗಿ ಮಾಡಿಕೊಂಡ ಜಾಣತನ ಕಣ್ಣಿಗೆ ಕಟ್ಟುವುದು. ಆ ಮಾತನ್ನು ಪರೀಕ್ಷೆ ಕೇಳುವುದಿಲ್ಲ. ಕೇಳದುದನ್ನು ಬೋಧಿಸುವಷ್ಟು ವ್ಯವಧಾನ ತರಗತಿಗಿಲ್ಲ. ರೋಲನ ಹೆಸರನ್ನು ಉರುಹೊಡೆದವರಿಗೆ, 1691ರಲ್ಲಿ ಆತನು ಈ ಸಂಗತಿಯನ್ನು ಬಹುಪದಗಳ ಮಟ್ಟಿಗೆ ಮಾತ್ರ, ಅದೂ ಬೀಜಗಣಿತದಿಂದ ಸಾಧಿಸಿದನೆಂದಾಗಲಿ, ಆಗತಾನೆ ತಲೆಯೆತ್ತುತ್ತಿದ್ದ ಕಲನಶಾಸ್ತ್ರದ ಕಡುವಿರೋಧಿಯಾಗಿದ್ದನೆಂದಾಗಲಿ ತಿಳಿಯದಿರುವುದು ಕ್ಷಮಾರ್ಹವೇ. ಅದು ಚರಿತ್ರೆಯ ವಿನೋದ.

ಕ್ಷಮಾರ್ಹವಲ್ಲದ್ದು ಬೇರೆ ಇದೆ. ಈ ಪ್ರಮೇಯದ ಹೇಳಿಕೆಯಲ್ಲಿ ಸಾತತ್ಯಕ್ಕೆ ಸಂವೃತ ಅಂತರವನ್ನೂ ಅವಕಲನೀಯತೆಗೆ ವಿವೃತ ಅಂತರವನ್ನೂ ವಿಧಿಸಿದೆಯಷ್ಟೆ; ಒಂದು ಕಡೆ ಚೌಕ ಆವರಣ, ಇನ್ನೊಂದು ಕಡೆ ದುಂಡು ಆವರಣ ಏಕೆಂದು ಕೇಳಿದರೆ ಪೂರ್ಣಾಂಕ ಪಡೆದವರೂ ಮುಖ ನೋಡುತ್ತಾರೆ. ಸೊನ್ನೆಯಿಂದ ಒಂದರವರೆಗೆ ನೇರವಾಗಿ ಏರಿ, ಒಂದನ್ನು ಮುಟ್ಟಿದ ಕ್ಷಣಕ್ಕೆ ಸೊನ್ನೆಗೆ ಧುಮುಕುವ ಉತ್ಪನ್ನವನ್ನು ಮುಂದಿಟ್ಟರೆ, ಜ್ಯಾ ಮಟ್ಟಸವಾಗಿಯೂ ಒಳಗಿನ ಓರೆಯೆಲ್ಲ ಒಂದೇ ಆಗಿಯೂ ಉಳಿದು, ತುದಿಯ ಸಾತತ್ಯವನ್ನು ಬಿಟ್ಟರೆ ಪ್ರಮೇಯವೇ ಕುಸಿಯುವುದೆಂಬುದು ಒಂದು ನಿಮಿಷದಲ್ಲಿ ತಿಳಿಯುವುದು. ಷರತ್ತನ್ನು ಮುರಿದು ನೋಡದೆ ಷರತ್ತಿನ ಬೆಲೆ ಗೊತ್ತಾಗದು. ಒಮ್ಮೆ ಮೌಲ್ಯಮಾಪನದ ಕಟ್ಟೊಂದರಲ್ಲಿ ಹತ್ತಾರು ಉತ್ತರಪತ್ರಿಕೆಗಳು ಒಂದರ ಹಿಂದೊಂದು ಬಂದವು. ಎಲ್ಲದರಲ್ಲಿಯೂ ಮೂರನೆಯ ಸಾಲಿನಲ್ಲಿ ಋಣಚಿಹ್ನೆ ಜಾರಿಹೋಗಿ, ಐದನೆಯ ಸಾಲಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮರಳಿ ಬಂದಿತ್ತು. ಯಾವುದೋ ಗೈಡಿನ ಮುದ್ರಣದೋಷವು ಅಷ್ಟು ಮಂದಿ ತರುಣರ ಕಂಠದಲ್ಲಿ ನೆಲಸಿತ್ತೆಂದು ಕಾಣುತ್ತದೆ.

ಸ್ಮರಣೆಯೂ ಒಂದು ಶಿಸ್ತೇ, ಸಾಧನೆಯನ್ನು ಕ್ರಮವಾಗಿ ಬರೆಯುವ ರೂಢಿ ಹೀಗಾದರೂ ಕೈಗೆ ಹತ್ತುವುದೆಂಬುದನ್ನು ಒಪ್ಪುತ್ತೇನೆ. ಆದರೆ ಈ ಕಂಠಪಾಠದ ದೋಷದ ಚರ್ಚೆಗೆ ಕೈಹಾಕಿದವರು ಹೆಚ್ಚಾಗಿ ದಾರಿ ತಪ್ಪಿದ್ದಾರೆ. ಒಂದು ಪಕ್ಷದವರಿಗೆ ಎಲ್ಲವೂ ವರ್ಷಗಳ ಲೆಕ್ಕ: 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂದಾಗ ಗಣಿತ ಉದ್ಧಾರವಾಯಿತೆಂದರು, 2024ರಲ್ಲಿ ಸರ್ಕಾರ ಮೂರು ವರ್ಷಕ್ಕೆ ಮರಳಿದಾಗ ಹಾಳಾಯಿತೆಂದರು; ವಿರುದ್ಧ ಪಕ್ಷದವರು ಇವೇ ಎರಡು ಮಾತುಗಳನ್ನು ಅದಲುಬದಲು ಮಾಡಿ ಹೇಳಿದರು. ಪಿ.ಯು.ಸಿ.ಯಲ್ಲಿ ಗಣಿತ ಓದಿರಬೇಕು, ಎಂ.ಎಸ್ಸಿ.ಗೆ ಹೋಗಬೇಕಾದರೆ ಪದವಿಯಲ್ಲಿ ಗಣಿತವಿರಬೇಕು ಎಂಬ ಅರ್ಹತೆಗಳ ಪಟ್ಟಿಯನ್ನು ಎಷ್ಟು ತಿದ್ದಿದರೂ ಪ್ರಶ್ನೆ ಅದೇ ಆಗಿರುವವರೆಗೆ ಓದೂ ಅದೇ. ಬೆಂಗಳೂರಿನಲ್ಲಿಯೇ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾತ್. ಬಹುಕಾಲ ಮೂರು ವರ್ಷದ್ದಾಗಿಯೂ, ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಆರಂಭಿಸಿದ ಪದವಿಯು ನಾಲ್ಕು ವರ್ಷದ್ದಾಗಿಯೂ ನಡೆದುಬಂದವು. ಬಿ.ಮ್ಯಾತ್. ಪ್ರವೇಶಪರೀಕ್ಷೆಯೂ ಸಾಧನೆಯನ್ನೇ ಬರೆಯಿಸುತ್ತದೆ, ಆದರೆ ಹುಡುಗನು ಹಿಂದೆಂದೂ ಕಾಣದ ಸಂಗತಿಯೊಂದರದನ್ನು. ವ್ಯತ್ಯಾಸವಿರುವುದು ಅಲ್ಲಿ.

ಇನ್ನೊಂದು ಪಕ್ಷದವರು ಮಾತೆತ್ತಿದರೆ ರಾಮಾನುಜನ್ನರನ್ನು ಪರೀಕ್ಷೆಯ ವಿರುದ್ಧ ಸಾಕ್ಷಿಗೆ ಕರೆಯುತ್ತಾರೆ. ತಪ್ಪು ಸಾಕ್ಷಿ. ಅವರು ಕುಂಭಕೋಣದಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡದ್ದೂ ಎಫ್.ಎ. ಪರೀಕ್ಷೆಯಲ್ಲಿ ಎಡವಿದ್ದೂ ಗಣಿತದಿಂದಲ್ಲ, ಉಳಿದ ವಿಷಯಗಳಿಂದ. ಅವರು ಹಿಡಿದು ಕುಳಿತ ಕಾರ್‌ನ ಸಂಗ್ರಹಗ್ರಂಥದಲ್ಲಿಯಾದರೋ ಹೇಳಿಕೆಗಳು ಸಾವಿರಾರು, ಸಾಧನೆಗಳು ವಿರಳ. ನಿಜವಾಗಿ ಕರೆಯಬೇಕಾದ ಸಾಕ್ಷಿ ಅವರನ್ನು ಕೇಂಬ್ರಿಜ್ಜಿಗೆ ಕರೆಸಿಕೊಂಡ ಹಾರ್ಡಿ. ಅಲ್ಲಿನ ಗಣಿತಪರೀಕ್ಷೆಯಾದ ಟ್ರೈಪಾಸ್‌ನಲ್ಲಿ 1898ರಲ್ಲಿ ನಾಲ್ಕನೆಯ ರ‍್ಯಾಂಗ್ಲರ್ ಆದ ಆತ, ಮರುವರ್ಷವೇ ನಮ್ಮ ಪರಾಂಜಪೆಯವರನ್ನು ಮೊದಲ ಸ್ಥಾನಕ್ಕೇರಿಸಿದ ಆ ಪರೀಕ್ಷೆಯ ಶ್ರೇಣಿಪಟ್ಟಿ 1909ಕ್ಕೆ ಕೊನೆಗೊಂಡ ಮೇಲೆಯೂ ತೃಪ್ತನಾಗದೆ, 1926ರ ಭಾಷಣವೊಂದರಲ್ಲಿ ಆ ಪರೀಕ್ಷೆಯನ್ನು ಸುಧಾರಿಸುವುದಲ್ಲ, ರದ್ದುಪಡಿಸುವುದೇ ಮೇಲೆಂದು ವಾದಿಸಿದನು. ನಾನು ಅಷ್ಟು ದೂರ ಹೋಗಲಾರೆ.

ಒಮ್ಮೆ ಕಿರುಪರೀಕ್ಷೆಗೆ ಐದು ಅಂಕಗಳ ಬೇರೆ ಪ್ರಶ್ನೆಯನ್ನು ಹಾಕಿದೆ: ಅರ್ಧವೃತ್ತಕ್ಕೆ ಈ ಪ್ರಮೇಯ ಹೊಂದುವುದೇ, ವಿವೃತ ಎಂಬಲ್ಲಿ ಸಂವೃತ ಎಂದು ಬರೆದಿದ್ದರೆ ನಷ್ಟವೇನು? ಸಾಧನೆಗಳನ್ನು ಎಂದೂ ನೆಟ್ಟಗೆ ಒಪ್ಪಿಸದ ಹುಡುಗನೊಬ್ಬ ಕಂಪಾಸಿಲ್ಲದೆ ಕೈಯಿಂದಲೇ ಸೊಟ್ಟ ಅರ್ಧವೃತ್ತವನ್ನೆಳೆದು, ಎರಡು ಬುಡಗಳಲ್ಲಿ ನೆಟ್ಟನೆಯ ಗೆರೆ, ನೆತ್ತಿಯ ಮೇಲೆ ಮಲಗಿದ ಗೆರೆ ಹಾಕಿ, ‘ಬುಡದಲ್ಲಿ ಓರೆಗೆ ಬೆಲೆಯೇ ಇಲ್ಲ, ಆದರೂ ನೆತ್ತಿಯಲ್ಲಿ ಸಿಕ್ಕಿತು, ಸಂವೃತ ಅಂದಿದ್ದರೆ ಇದನ್ನು ಬಿಡಬೇಕಾಗುತ್ತಿತ್ತು’ ಎಂದು ಬರೆದಿದ್ದ. ಪಕ್ಕದಲ್ಲಿ ಕುಳಿತ ಸಹೋದ್ಯೋಗಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ‘ಚೆನ್ನಾಗಿದೆ, ಆದರೆ ಸ್ಕೀಮಿನಲ್ಲಿ ಇದಕ್ಕೆ ಯಾವ ಸಾಲಿನ ಕೆಳಗೆ ಅಂಕ ಕೊಡುತ್ತೀರಿ?’ ಎಂದರು. ಐದಕ್ಕೆ ಐದನ್ನು ಅಂಚಿನಲ್ಲಿ ಬರೆದು ಹಾಳೆ ಮಗುಚಿದೆ.